ಸ್ಪ್ಯಾನಿಷ್ ಕ್ರಿಯಾಪದಗಳನ್ನು ಬಿಡಿಸಿ ಓದುವ ಬಗೆ: ಉಚ್ಚಾರಾಂಶ ಮತ್ತು ಒತ್ತು

ಸ್ಪ್ಯಾನಿಷ್ ಭಾಷೆಯಲ್ಲಿ ˈಅ-ಬ್ಲೊ ಎಂದರೆ ‘ನಾನು ಮಾತನಾಡುತ್ತೇನೆ’, ಅ-ˈಬ್ಲೊ ಎಂದರೆ ‘ಅವನು ಮಾತನಾಡಿದನು’ ಅಥವಾ ‘ಅವಳು ಮಾತನಾಡಿದಳು’. ಎರಡರಲ್ಲಿಯೂ ಧ್ವನಿಗಳು ಅವೇ, ಅವುಗಳ ಕ್ರಮವೂ ಅದೇ. ದನಿಯ ಒತ್ತು ಮಾತ್ರ ಒಂದು ಉಚ್ಚಾರಾಂಶದಿಂದ ಇನ್ನೊಂದಕ್ಕೆ ಸರಿದಿದೆ, ಮತ್ತು ಅಷ್ಟರಲ್ಲಿಯೇ ಕಾಲವೂ ಪುರುಷವೂ ಬದಲಾಗಿವೆ. ಕನ್ನಡದಲ್ಲಿ ಈ ಕೆಲಸವನ್ನು ಪ್ರತ್ಯಯಗಳು ಮಾಡುತ್ತವೆ. ‘ಮಾಡುತ್ತೇನೆ’, ‘ಮಾಡಿದನು’ ಎಂಬಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲವಾದ್ದರಿಂದ ನಮ್ಮ ಕಿವಿ ಒತ್ತನ್ನು ಲೆಕ್ಕಕ್ಕೆ ಹಿಡಿಯುವ ರೂಢಿಯನ್ನೇ ಇಟ್ಟುಕೊಂಡಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಸ್ಪ್ಯಾನಿಷ್ ಕಲಿಯಲು ತೊಡಗುವವರಿಗೆ ಶಬ್ದಭಂಡಾರಕ್ಕಿಂತ ಮೊದಲು ಎದುರಾಗುವ ತೊಡಕು ಇದೇ. ಆದರೆ ಇದನ್ನು ಬಿಡಿಸುವ ಅರ್ಧ ಸಲಕರಣೆಯನ್ನು ನಮ್ಮ ಪ್ರೌಢಶಾಲೆಯ ಛಂದಸ್ಸಿನ ಪಾಠವು ಆಗಲೇ ನಮ್ಮ ಕೈಗೆ ಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಬರಹದ ಗುರುತುಗಳನ್ನು ತಿಳಿಸಬೇಕು. ಸ್ಪ್ಯಾನಿಷ್ ರೂಪಗಳನ್ನು ಕೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಉಚ್ಚಾರಾಂಶಗಳ ನಡುವೆ ಅಡ್ಡಗೆರೆ ಇದೆ. ಒತ್ತು ಬೀಳುವ ಉಚ್ಚಾರಾಂಶದ ಮುಂದೆ ಮೇಲ್ಗಡೆ ಒಂದು ನೆಟ್ಟನೆಯ ಗೀಟು ಇದೆ. ಆ ಭಾಷೆಯ ಎಚ್ ಅಕ್ಷರಕ್ಕೆ ಉಚ್ಚಾರವಿಲ್ಲವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ; ಬಿ ಮತ್ತು ವಿ ಎರಡಕ್ಕೂ ಉಚ್ಚಾರ ಒಂದೇ ಆದ್ದರಿಂದ ಎರಡಕ್ಕೂ ‘ಬ’ ಬರೆದಿದ್ದೇನೆ. ಟಿ ಮತ್ತು ಡಿ ಅಕ್ಷರಗಳು ನಮ್ಮ ‘ತ’, ‘ದ’ಗಳಂತೆಯೇ ಹಲ್ಲಿಗೆ ತಾಗುವ ಧ್ವನಿಗಳು; ಇಂಗ್ಲಿಷಿನ ಅಭ್ಯಾಸದಿಂದ ಅವನ್ನು ‘ಟ’, ‘ಡ’ ಮಾಡುವುದು ಬೇಡ. ಇಮ್ಮಡಿ ಆರ್ ಅಕ್ಷರದ ಮತ್ತು ಪದದ ಮೊದಲಿಗೆ ಬರುವ ಆರ್ ಅಕ್ಷರದ ಅದುರುವ ಧ್ವನಿಗೆ ಹಳಗನ್ನಡದ ‘ಱ’ವನ್ನು ಬಳಸಿದ್ದೇನೆ. ‘ರ್ರ’ ಎಂದು ಬರೆದರೆ ಓದುವವರು ಅದನ್ನು ಎರಡು ತುಂಡು ಮಾಡುತ್ತಾರೆ, ಆದರೆ ಸ್ಪ್ಯಾನಿಷ್‌ನಲ್ಲಿ ಅದು ಒಡೆಯಲಾಗದ ಒಂದೇ ಧ್ವನಿ: ‘ಓಡು’ ಎಂಬರ್ಥದ ಧಾತು ಕೊ-ˈಱೆರ್ ಆಗುತ್ತದೆಯೇ ಹೊರತು ಕೊರ್-ರೆರ್ ಆಗುವುದಿಲ್ಲ.

ಗಮನಿಸಿರಬಹುದು, ನಾನು ಎಲ್ಲಿಯೂ ದೀರ್ಘಸ್ವರ ಬರೆಯುತ್ತಿಲ್ಲ. ಒತ್ತು ಇರುವ ಕಡೆ ‘ಅಬ್ಲಾರ್’ ಎಂದು ದೀರ್ಘ ಹಾಕಿ ಕಲಿಸುವ ಪದ್ಧತಿ ಇದೆ, ಅದು ಮೊದಲ ವಾರ ಸುಲಭವೆನಿಸಿದರೂ ಆಮೇಲೆ ಕಾಡುತ್ತದೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘ ಭೇದವೇ ಇಲ್ಲ. ಒತ್ತು ಬಿದ್ದಲ್ಲಿ ದನಿ ತುಸು ಏರುತ್ತದೆ, ತುಸು ಬಿಗಿಯಾಗುತ್ತದೆ, ಅಲ್ಪಸ್ವಲ್ಪ ಎಳೆಯಲೂಬಹುದು, ಆದರೆ ನಮ್ಮ ಎರಡು ಮಾತ್ರೆಯಷ್ಟು ಎಳೆಯುವುದಿಲ್ಲ.

ಸ್ವರಗಳನ್ನು ಎಣಿಸುವುದು

ಕ್ರಿಯಾಪದವನ್ನು ಬಿಡಿಸುವಾಗ ಸ್ವರಗಳಿಂದ ಆರಂಭಿಸಬೇಕು. ಅ, ಎ, ಒ ಈ ಮೂರು ಗಟ್ಟಿ ಸ್ವರಗಳು. ಇ, ಉ ಎರಡು ಮೆದು ಸ್ವರಗಳು. ಎರಡು ಗಟ್ಟಿ ಸ್ವರಗಳು ಪಕ್ಕದಲ್ಲಿ ಬಂದರೆ ಅವು ಎರಡು ಬೇರೆ ಉಚ್ಚಾರಾಂಶಗಳು. ‘ಓದುವುದು’ ಎಂಬ ಧಾತು ಲೆ-ˈಎರ್, ‘ನಾವು ಓದುತ್ತೇವೆ’ ಎಂಬುದು ಲೆ-ˈಎ-ಮೊಸ್, ‘ಬೀಳುವುದು’ ಎಂಬುದು ಕ-ˈಎರ್. ಇಲ್ಲಿ ಕನ್ನಡದ ಸಂಧಿಯ ಸಂಸ್ಕಾರ ಎರಡು ಬಗೆಯಲ್ಲಿ ಅಡ್ಡ ಬರುತ್ತದೆ. ಒಂದು, ಸವರ್ಣಗಳು ಕೂಡಿದಾಗ ದೀರ್ಘ ಮಾಡುವ ಚಾಳಿ. ಲೆ-ಎರ್ ಎಂಬುದನ್ನು ‘ಲೇರ್’ ಎಂದರೆ ಒಂದು ಉಚ್ಚಾರಾಂಶ ಕಳೆದುಹೋಗುತ್ತದೆ. ಇನ್ನೊಂದು, ಸ್ವರಕ್ಕೆ ಸ್ವರ ಪರವಾದಾಗ ನಡುವೆ ಯಕಾರ, ವಕಾರಗಳನ್ನು ತರುವ ಆಗಮಸಂಧಿ. ‘ನಾನು ಓದುತ್ತೇನೆ’ ಎಂಬುದು ˈಲೆ-ಒ, ‘ಅವನು ಓದಿದನು’ ಎಂಬುದು ಲೆ-ˈಯೊ. ಮೊದಲನೆಯದರಲ್ಲಿ ಯಕಾರ ಇಲ್ಲ, ಎರಡನೆಯದರಲ್ಲಿ ಬರವಣಿಗೆಯಲ್ಲಿಯೇ ಇದೆ. ನಾವು ಸಹಜವಾಗಿ ‘ಲೆಯೊ’ ಎಂದುಬಿಟ್ಟರೆ ಕೇಳುವವರು ಭೂತಕಾಲವೆಂದು ತಿಳಿಯಲು ಅವಕಾಶವಾಗುತ್ತದೆ. ‘ನಂಬು’ ಎಂಬರ್ಥದ ಕ್ರೆ-ˈಎರ್ ಧಾತುವಿನಲ್ಲಿಯೂ ಇದೇ ಜೋಡಿ ಇದೆ: ˈಕ್ರೆ-ಒ, ಕ್ರೆ-ˈಯೊ. ಆದ್ದರಿಂದ ಎರಡು ಸ್ವರಗಳನ್ನು ನಡುವೆ ಏನನ್ನೂ ಸೇರಿಸದೆ, ಉಸಿರನ್ನೂ ಕಡಿಯದೆ, ಬೆನ್ನಿಗೆ ಬೆನ್ನಾಗಿ ಹೇಳುವ ಅಭ್ಯಾಸವನ್ನು ಬೇರೆಯಾಗಿಯೇ ಮಾಡಬೇಕು.

ಗಟ್ಟಿ ಸ್ವರದ ಪಕ್ಕದಲ್ಲಿ ಒತ್ತಿಲ್ಲದ ಮೆದು ಸ್ವರ ಬಂದರೆ ಎರಡೂ ಕೂಡಿ ಒಂದೇ ಉಚ್ಚಾರಾಂಶವಾಗುತ್ತವೆ. ಇದನ್ನು ಸಂಧ್ಯಕ್ಷರ ಎನ್ನಬಹುದು. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ‘ಹೇಳಿದ್ದಾನೆ’ ಎನ್ನುವಲ್ಲಿ ನಾವು ‘ಹೇಳ್ಯಾನ’ ಎನ್ನುತ್ತೇವೆ. ‘ಹೇಳಿ’ ಎಂಬುದರ ಇಕಾರವು ತನ್ನ ಬೇರೆತನವನ್ನು ಬಿಟ್ಟು ಯಕಾರವಾಗಿ ಮುಂದಿನ ಆಕಾರಕ್ಕೆ ಅಂಟಿಕೊಂಡಿದೆ. ‘ಬದಲಿಸು’ ಎಂಬರ್ಥದ ಕಮ್-ˈಬ್ಯರ್, ‘ನಾನು ಬದಲಿಸುತ್ತೇನೆ’ ಎಂಬ ˈಕಮ್-ಬ್ಯೊ ರೂಪಗಳಲ್ಲಿ ಇಕಾರದ ಗತಿ ಹೀಗೆಯೇ ಆಗಿದೆ. ಉಕಾರವಾದರೆ ವಕಾರದ ಛಾಯೆ ಪಡೆಯುತ್ತದೆ: ‘ವಿಚಾರಿಸಿ ತಿಳಿಯುತ್ತೇನೆ’ ಎಂಬುದು ಅ-ಬೆ-ˈರಿ-ಗ್ವೊ. ಎರಡೂ ಬೇರೆ ಬೇರೆ ಮೆದು ಸ್ವರಗಳಾದರೆ ಅವನ್ನು ಯಾವಾಗಲೂ ಒಂದೇ ಉಚ್ಚಾರಾಂಶವೆಂದು ಎಣಿಸುವುದು ಬರವಣಿಗೆಯ ನಿಯಮ. ‘ಕಟ್ಟುವುದು’ ಎಂಬ ಕೊನ್ಸ್-ˈತ್ರ್ವಿರ್ ಎರಡೇ ಉಚ್ಚಾರಾಂಶಗಳ ಪದ.

ಗಟ್ಟಿ ಸ್ವರದ ಪಕ್ಕದಲ್ಲಿರುವ ಮೆದು ಸ್ವರದ ಮೇಲೆಯೇ ಒತ್ತು ಬಿದ್ದರೆ ಅದು ಗಟ್ಟಿಯಾಗಿ ನಿಂತು ಬೇರೆ ಉಚ್ಚಾರಾಂಶವಾಗುತ್ತದೆ. ಆಗ ಅದರ ಮೇಲೆ ತಿಲ್ದೆ ಎಂಬ ಓರೆಗೆರೆಯನ್ನು ಬರೆಯಲೇಬೇಕು. ‘ನಾನು ಕಳಿಸುತ್ತೇನೆ’ ಎಂಬುದು ಎನ್-ˈಬಿ-ಒ, ‘ಮುಂದುವರಿಸುತ್ತೇನೆ’ ಎಂಬುದು ಕೊನ್-ತಿ-ˈನು-ಒ, ‘ಒಂದುಗೂಡಿಸುತ್ತೇನೆ’ ಎಂಬುದು ಱೆ-ˈಉ-ನೊ. ಈ ಕೊನೆಯ ಕ್ರಿಯಾಪದವನ್ನೇ ‘ನಾವು’ ಎಂಬುದರೊಡನೆ ಹೇಳಿದಾಗ ಒತ್ತು ಮುಂದಕ್ಕೆ ಸರಿದು ಎ ಮತ್ತು ಉ ಮತ್ತೆ ಕೂಡಿಕೊಂಡು ಱೆವ್-ˈನಿ-ಮೊಸ್ ಆಗುತ್ತದೆ. ನಡುವೆ ಉಚ್ಚಾರವಿಲ್ಲದ ಎಚ್ ಅಕ್ಷರ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ. ‘ನಿಷೇಧಿಸುತ್ತೇನೆ’ ಎಂಬ ಪ್ರೊ-ˈಇ-ಬೊ ರೂಪದಲ್ಲಿ ಅಂಥ ಎಚ್ ಒಂದು ಒ ಮತ್ತು ಇ ನಡುವೆ ಕುಳಿತಿದೆ, ಆದರೂ ಇಕಾರದ ಮೇಲೆ ಓರೆಗೆರೆ ಬೇಕೇ ಬೇಕು.

ಕಮ್-ˈಬ್ಯರ್ ಮತ್ತು ಎನ್-ˈಬ್ಯರ್ ಎಂಬ ಧಾತುಗಳು ಕಾಣಲು ಒಂದೇ ಅಚ್ಚಿನವು, ಆದರೂ ‘ನಾನು’ ಎಂಬ ರೂಪದಲ್ಲಿ ಒಂದು ˈಕಮ್-ಬ್ಯೊ, ಇನ್ನೊಂದು ಎನ್-ˈಬಿ-ಒ. ಇದನ್ನು ಧಾತುರೂಪ ನೋಡಿ ಊಹಿಸಲು ದಾರಿಯಿಲ್ಲ. ಇಂಥ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವಾಗ ಧಾತುವಿನ ಜೊತೆಗೆ ‘ನಾನು’ ರೂಪವನ್ನೂ ಸೇರಿಸಿಯೇ ಟಿಪ್ಪಣಿ ಪುಸ್ತಕಕ್ಕೆ ಇಳಿಸಬೇಕು.

ವ್ಯಂಜನಗಳನ್ನು ಹಂಚುವುದು

ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ. ಇದು ನಮ್ಮ ಲಿಪಿಯ ಸ್ವಭಾವವೇ ಆದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ. ತೊಡಕು ಇರುವುದು ಸಂಯುಕ್ತಾಕ್ಷರದಲ್ಲಿ. ‘ಹಾಡುವುದು’ ಎಂಬ ಧಾತುವನ್ನು ನಾವು ‘ಕನ್ತರ್’ ಎಂದು ಬರೆದಾಗ ‘ನ್ತ’ ಒಂದೇ ಅಕ್ಷರವಾಗಿ ಕಾಣುತ್ತದೆ, ಆದರೆ ಉಚ್ಚಾರಾಂಶದ ಗಡಿ ಅದರ ನಡುವೆಯೇ ಹಾಯುತ್ತದೆ: ಕನ್-ˈತರ್. ಷಟ್ಪದಿಗೆ ಪ್ರಸ್ತಾರ ಹಾಕಿ ಬಲ್ಲವರಿಗೆ ಇದು ಹೊಸದಲ್ಲ. ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ಸೂತ್ರದ ಒಳಗುಟ್ಟು, ಆ ಸಂಯುಕ್ತಾಕ್ಷರದ ಮೊದಲ ವ್ಯಂಜನವು ಉಚ್ಚಾರದಲ್ಲಿ ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಮುಚ್ಚುತ್ತದೆ ಎಂಬುದೇ. ಕಾಗದದ ಮೇಲೆ ಕಾಣುವ ಅಕ್ಷರವನ್ನು ಬದಿಗಿಟ್ಟು ಪ್ರಸ್ತಾರದ ಕಿವಿಯಿಂದ ಕೇಳಿದರೆ ಎಸ್-ˈತರ್, ಎಸ್-ಕ್ರಿ-ˈಬಿರ್, ಪೆರ್-ˈದೆರ್ ಎಲ್ಲವೂ ತಾವಾಗಿಯೇ ಬಿಡಿಬಿಡಿಯಾಗುತ್ತವೆ.

ಒಂದು ಗುಂಪು ಮಾತ್ರ ಈ ಸೂತ್ರಕ್ಕೆ ಒಳಪಡುವುದಿಲ್ಲ. ಪ, ಬ, ಕ, ಗ, ಫ ಈ ವ್ಯಂಜನಗಳಿಗೆ ರಕಾರವಾಗಲಿ ಲಕಾರವಾಗಲಿ ಕೂಡಿದಾಗ, ತ ಮತ್ತು ದ ಇವುಗಳಿಗೆ ರಕಾರ ಕೂಡಿದಾಗ, ಆ ಜೋಡಿ ಒಡೆಯದೆ ಇಡಿಯಾಗಿ ಮುಂದಿನ ಸ್ವರಕ್ಕೆ ಹೋಗುತ್ತದೆ. ಅ-ˈಬ್ಲರ್ ಎಂಬುದನ್ನು ‘ಅಬ್-ಲರ್’ ಎನ್ನಬಾರದು. ‘ತೆರೆಯುವುದು’ ಅ-ˈಬ್ರಿರ್, ‘ಕಲಿಯುತ್ತೇನೆ’ ಅ-ˈಪ್ರೆನ್-ದೊ. ಹಳಗನ್ನಡ ಕಾವ್ಯ ಓದಿದವರಿಗೆ ಶಿಥಿಲದ್ವಿತ್ವ ನೆನಪಾಗಬಹುದು. ಅಲ್ಲಿ ರೇಫ, ಲಕಾರಾದಿಗಳು ಸಂಯುಕ್ತಾಕ್ಷರದ ಮೊದಲ ಭಾಗವಾಗಿರುತ್ತವೆ, ಇಲ್ಲಿ ಎರಡನೆಯ ಭಾಗ, ಆದರೂ ಸಂಯುಕ್ತಾಕ್ಷರವಿದ್ದು ಹಿಂದಿನ ಅಕ್ಷರ ಹಗುರವಾಗಿಯೇ ಉಳಿಯುವ ಸಂಗತಿ ನಮಗೆ ಪೂರ್ತಿ ಅಪರಿಚಿತವಲ್ಲ.

ಮೂರು ವ್ಯಂಜನಗಳು ಬಂದಾಗ ಕೊನೆಯ ಎರಡು ಈ ಗುಂಪಿನವಾದರೆ ಅವುಗಳ ಹಿಂದೆ ಒಡೆಯಬೇಕು: ಕೊಮ್-ˈಪ್ರರ್, ಎನ್-ˈತ್ರರ್. ಇಲ್ಲದಿದ್ದರೆ ಎರಡು ಹಿಂದೆ ಉಳಿಯುತ್ತವೆ: ಇನ್ಸ್-ತ-ˈಲರ್. ನಾಲ್ಕು ಬಂದರೆ ಎರಡಕ್ಕೆ ಎರಡು: ಇನ್ಸ್-ಕ್ರಿ-ˈಬಿರ್. ಸಕಾರಕ್ಕೆ ಇನ್ನೊಂದು ವ್ಯಂಜನ ಕೂಡಿ ಉಚ್ಚಾರಾಂಶ ಆರಂಭವಾಗುವುದು ಸ್ಪ್ಯಾನಿಷ್‌ಗೆ ಒಗ್ಗುವುದೇ ಇಲ್ಲ. ಲ್ಯಾಟಿನ್ನಿನಿಂದ ಬಂದ ಅಂಥ ಪದಗಳಿಗೆಲ್ಲ ಅದು ಮುಂದೊಂದು ಎಕಾರವನ್ನು ಹಚ್ಚಿಕೊಂಡಿದೆ. ಸ್ಟೇಶನ್ನಿಗೆ ‘ಇಸ್ಟೇಶನ್’ ಎನ್ನುವ ನಮ್ಮ ಹಿರಿಯರು ಈ ವಿಷಯದಲ್ಲಿ ಅವರಿಗೆ ಹತ್ತಿರದವರು.

ಪದಾಂತ್ಯದ ವ್ಯಂಜನದ ಬಗ್ಗೆ ಎಚ್ಚರಿಕೆ ಬೇಕು. ಕನ್ನಡ ಪದಗಳು ಸ್ವರಾಂತವಾಗಿರುವುದರಿಂದ ನಾವು ‘ಬಸ್ಸು’, ‘ಕಾರು’ ಎಂದು ಉಕಾರ ಸೇರಿಸುತ್ತೇವೆ. ಅದೇ ರೀತಿ ಅ-ˈಬ್ಲರ್ ಎಂಬುದನ್ನು ‘ಅಬ್ಲರು’ ಎಂದರೆ ಉಚ್ಚಾರಾಂಶಗಳು ಎರಡರಿಂದ ಮೂರಾಗುತ್ತವೆ, ಕೊನೆಯಿಂದ ಎಣಿಸುವ ಒತ್ತಿನ ನಿಯಮವೆಲ್ಲ ತಪ್ಪುತ್ತದೆ. ಬೆಳಗಾವಿಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆದವರಿಗೆ ವ್ಯಂಜನಾಂತ ಪದಗಳು ನಾಲಿಗೆಗೆ ರೂಢಿಯಾಗಿರುತ್ತವೆ, ಅವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಒತ್ತು ಎಲ್ಲಿ ಬೀಳುತ್ತದೆ

ನಿಯಮ ಚಿಕ್ಕದು. ಪದವು ಸ್ವರದಿಂದ, ನಕಾರದಿಂದ ಅಥವಾ ಸಕಾರದಿಂದ ಮುಗಿದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಒತ್ತು. ಬೇರೆ ಯಾವ ವ್ಯಂಜನದಿಂದ ಮುಗಿದರೂ ಕೊನೆಯ ಉಚ್ಚಾರಾಂಶಕ್ಕೆ ಒತ್ತು. ಇದನ್ನು ಮೀರಿದ ಪದಗಳಿಗೆಲ್ಲ ಒತ್ತು ಬೀಳುವ ಸ್ವರದ ಮೇಲೆ ಓರೆಗೆರೆ ಇರುತ್ತದೆ. ನ ಮತ್ತು ಸ ಎರಡಕ್ಕೇ ಈ ವಿನಾಯಿತಿ ಏಕೆಂಬುದು ಕ್ರಿಯಾಪದಗಳನ್ನು ನೋಡಿದರೆ ಹೊಳೆಯುತ್ತದೆ: ‘ನೀನು’ ರೂಪದ ಕೊನೆಗೆ ಸಕಾರ, ‘ಅವರು’ ರೂಪದ ಕೊನೆಗೆ ನಕಾರ ಬರುತ್ತವೆ, ಆದ್ದರಿಂದ ˈಅ-ಬ್ಲ, ˈಅ-ಬ್ಲಸ್, ˈಅ-ಬ್ಲನ್ ಮೂರರಲ್ಲಿಯೂ ಒತ್ತು ಕದಲದೆ, ಗೆರೆಯ ಅಗತ್ಯವೂ ಇಲ್ಲದೆ ನಿಲ್ಲುತ್ತದೆ. ಕೊನೆಯಲ್ಲಿ ವೈ ಅಕ್ಷರವಿದ್ದರೆ ಅದನ್ನು ವ್ಯಂಜನವೆಂದೇ ಎಣಿಸಬೇಕು. ‘ಇದ್ದೇನೆ’ ಎಂಬ ಎಸ್-ˈತೊಯ್ ರೂಪಕ್ಕೆ ಓರೆಗೆರೆ ಇಲ್ಲದಿರುವುದು ಈ ಕಾರಣಕ್ಕೆ.

ನಮ್ಮ ಊರುಗಳ ಹೆಸರಿನ ಮೇಲೆ ಈ ನಿಯಮವನ್ನು ಒರೆಹಚ್ಚಿ ನೋಡುವುದು ಒಳ್ಳೆಯ ಅಭ್ಯಾಸ. ರೋಮನ್ ಲಿಪಿಯಲ್ಲಿ ಬರೆದ ಬೆಳಗಾವಿಯನ್ನು ಸ್ಪ್ಯಾನಿಷ್ ಓದುಗರು ಬೆ-ಲ-ˈಗ-ಬಿ ಎಂದು ಓದುತ್ತಾರೆ, ಏಕೆಂದರೆ ಅದು ಸ್ವರಾಂತ. 2014ರ ನವೆಂಬರ್ 1ಕ್ಕೆ ಮುಂಚಿನ ಬೆಳಗಾಂ ಎಂಬ ಬರವಣಿಗೆ ಮಕಾರದಿಂದ ಮುಗಿಯುವುದರಿಂದ ಬೆಲ್-ˈಗೌಮ್ ಆಗುತ್ತದೆ. ಬಿಜಾಪುರ ಎಂಬುದು ರಕಾರಾಂತವಾಗಿ ಬಿ-ಹ-ˈಪುರ್ (ಸ್ಪ್ಯಾನಿಷ್‌ನ ಜೆ ಅಕ್ಷರದ ಉಚ್ಚಾರ ನಮ್ಮ ‘ಹ’ಕ್ಕೆ ಹತ್ತಿರ), ವಿಜಯಪುರ ಎಂಬುದು ಸ್ವರಾಂತವಾಗಿ ಬಿ-ಹ-ಯ-ˈಪು-ರ. ಬಾಗಲಕೋಟೆಯನ್ನು ಕೊನೆಯ ಸ್ವರವಿಲ್ಲದೆ ಬರೆದರೆ ಬ-ಗಲ್-ˈಕೊತ್, ಸ್ವರವಿಟ್ಟು ಬರೆದರೆ ಬ-ಗಲ್-ˈಕೊ-ತೆ. ಕೊನೆಗೆ ಸ್ವರ ಸೇರಿದರೂ ಒತ್ತು ಅದೇ ಧ್ವನಿಯ ಮೇಲೆ ಉಳಿಯಿತು ಎಂಬುದನ್ನು ಗಮನಿಸಿದರೆ ನಿಯಮದ ಎರಡು ಭಾಗಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ತಿಳಿಯುತ್ತದೆ. ಗೋಕಾಕ, ಇಳಕಲ್ಲ, ಬಾದಾಮಿ, ಅಥಣಿಗಳನ್ನು ಓದುಗರೇ ಬಿಡಿಸಿ ನೋಡಬಹುದು.

ಇಲ್ಲಿ ಪ್ರಸ್ತಾರದ ಸಹಾಯ ಮುಗಿಯುತ್ತದೆ ಎಂಬುದನ್ನು ಖಚಿತವಾಗಿ ಹೇಳಬೇಕು. ಉಚ್ಚಾರಾಂಶದ ಗಡಿ ಹುಡುಕಲು ಗುರು-ಲಘು ಜ್ಞಾನ ನೆರವಾಗುತ್ತದೆ, ಆದರೆ ಗುರು ಇದ್ದಲ್ಲಿ ಒತ್ತು ಇರುತ್ತದೆ ಎಂದು ತಿಳಿಯುವುದು ತಪ್ಪು. ಕನ್-ˈತ-ಮೊಸ್ ಎಂಬಲ್ಲಿ ಮೊದಲ ಉಚ್ಚಾರಾಂಶ ಭಾರವಾಗಿದೆ, ಒತ್ತು ಮಾತ್ರ ಹಗುರವಾದ ಎರಡನೆಯದಕ್ಕೆ ಸಂದಿದೆ.

ಕಾಲಗಳಲ್ಲಿ ಒತ್ತಿನ ನಡೆ

ವರ್ತಮಾನಕಾಲದಲ್ಲಿ ‘ನಾನು, ನೀನು, ಅವನು, ಅವರು’ ರೂಪಗಳಲ್ಲಿ ಒತ್ತು ಧಾತುವಿನ ಮೇಲೆ ಇರುತ್ತದೆ, ‘ನಾವು’ ಮತ್ತು ಸ್ಪೇನ್ ದೇಶದಲ್ಲಿ ಬಳಸುವ ‘ನೀವು’ ರೂಪಗಳಲ್ಲಿ ಪ್ರತ್ಯಯಕ್ಕೆ ಸರಿಯುತ್ತದೆ: ˈಅ-ಬ್ಲೊ, ಆದರೆ ಅ-ˈಬ್ಲ-ಮೊಸ್, ಅ-ˈಬ್ಲೈಸ್. ಕಲಿಯುವವರು ಗೊಣಗುತ್ತ ಬಾಯಿಪಾಠ ಮಾಡುವ ಸ್ವರ ಬದಲಾವಣೆಗೆ ಕಾರಣ ಇದೇ. ಲ್ಯಾಟಿನ್ನಿನ ಹ್ರಸ್ವ ಎ, ಒ ಸ್ವರಗಳು ಒತ್ತು ಬಿದ್ದಲ್ಲಿ ಒಡೆದು ಯೆ, ವೆ ಆದವು, ಒತ್ತಿಲ್ಲದಲ್ಲಿ ಹಾಗೆಯೇ ಉಳಿದವು. ಆದ್ದರಿಂದ ‘ಕಳೆದುಕೊಳ್ಳುತ್ತೇನೆ’ ಎಂಬುದು ˈಪ್ಯೆರ್-ದೊ, ‘ಕಳೆದುಕೊಳ್ಳುತ್ತೇವೆ’ ಎಂಬುದು ಪೆರ್-ˈದೆ-ಮೊಸ್. ‘ಅಲುಗಿಸುತ್ತೇನೆ’ ˈಮ್ವೆ-ಬೊ, ‘ಅಲುಗಿಸುತ್ತೇವೆ’ ಮೊ-ˈಬೆ-ಮೊಸ್. ಒತ್ತು ಎಲ್ಲಿದೆ ಎಂದು ಬಲ್ಲವರಿಗೆ ಈ ಪಟ್ಟಿಗಳ ಅರ್ಧ ಭಾರ ಇಳಿಯುತ್ತದೆ. ಅರ್ಜೆಂಟೀನಾ ಮುಂತಾದ ಕಡೆ ‘ನೀನು’ ಎಂಬುದಕ್ಕೆ ಬೇರೆ ಸರ್ವನಾಮ ಬಳಸಿ ಅ-ˈಬ್ಲಸ್ ಎಂದು ಕೊನೆಗೇ ಒತ್ತುತ್ತಾರೆ. ಅದಕ್ಕೆ ಓರೆಗೆರೆ ಬೇಕು.

ಸಾಮಾನ್ಯ ಭೂತಕಾಲದಲ್ಲಿ ಒತ್ತು ಪೂರ್ತಿಯಾಗಿ ಧಾತುವನ್ನು ಬಿಟ್ಟು ಹೋಗುತ್ತದೆ: ಅ-ˈಬ್ಲೆ, ಅ-ˈಬ್ಲಸ್-ತೆ, ಅ-ˈಬ್ಲೊ, ಅ-ˈಬ್ಲ-ರೊನ್. ಇವುಗಳಲ್ಲಿ ‘ನಾನು’, ‘ಅವನು’ ರೂಪಗಳಿಗೆ ಮಾತ್ರ ಗೆರೆ. ಆದರೆ ಬಳಕೆಯಲ್ಲಿ ತುಂಬ ಸವೆದ ಕೆಲವು ಕ್ರಿಯಾಪದಗಳು ಇಲ್ಲಿಯೂ ಧಾತುವನ್ನೇ ಒತ್ತುತ್ತವೆ: ˈದಿ-ಹೊ ‘ಹೇಳಿದನು’, ˈಇ-ಸೊ ‘ಮಾಡಿದನು’, ˈತು-ಬೊ ‘ಅವನಿಗೆ ಇತ್ತು’, ˈಪು-ಸೊ ‘ಇಟ್ಟನು’. ಇವಕ್ಕೆ ಗೆರೆ ಹಾಕುವುದು ಕಲಿಯುವವರ ಬರವಣಿಗೆಯಲ್ಲಿ ಪದೇ ಪದೇ ಕಾಣುವ ತಪ್ಪು.

ಭವಿಷ್ಯತ್ಕಾಲವನ್ನು ಎಚ್ಚರದಿಂದ ಕೇಳಬೇಕು. ಅ-ಬ್ಲ-ˈರೆ, ಅ-ಬ್ಲ-ˈರಸ್, ಅ-ಬ್ಲ-ˈರ, ಅ-ಬ್ಲ-ˈರೆ-ಮೊಸ್, ಅ-ಬ್ಲ-ˈರನ್ ಎಂಬ ಈ ರೂಪಗಳು ಧಾತುವಿನ ಕೊನೆಗೆ ‘ಇರು’ ಎಂಬರ್ಥದ ಸಹಾಯಕ ಕ್ರಿಯೆಯ ಎ, ಅಸ್, ಅ, ˈಎ-ಮೊಸ್, ಅನ್ ರೂಪಗಳನ್ನು ಬೆಸೆದು ಆದವು. ಒತ್ತು ಆ ಸಹಾಯಕ ಕ್ರಿಯೆಯ ಪಾಲಿಗೆ ಬಂದಿರುವುದು ಹೀಗೆ. ಒತ್ತನ್ನು ಒಂದು ಹೆಜ್ಜೆ ಹಿಂದಿಟ್ಟು ಅ-ˈಬ್ಲ-ರ, ಅ-ˈಬ್ಲ-ರಸ್, ಅ-ˈಬ್ಲ-ರನ್ ಎಂದರೆ ಅದು ‘ಮಾತನಾಡಿದ್ದರೆ’ ಎಂಬಂಥ ಸಂಭಾವನೆಯ ರೂಪ. ಇವೆರಡನ್ನು ಒಂದರ ಪಕ್ಕ ಒಂದಿಟ್ಟು ಗಟ್ಟಿಯಾಗಿ ಹೇಳುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ. ಅಪೂರ್ಣ ಭೂತಕಾಲದ ಅ-ˈಬ್ಲ-ಬ ಗೆರೆಯಿಲ್ಲದ್ದು, ಅ-ˈಬ್ಲ-ಬ-ಮೊಸ್ ಕೊನೆಯಿಂದ ಮೂರನೆಯದನ್ನು ಒತ್ತುವುದರಿಂದ ಗೆರೆಯುಳ್ಳದ್ದು. ಕೊ-ˈಮಿ-ಅ ‘ತಿನ್ನುತ್ತಿದ್ದನು’ ಎಂಬ ಬಗೆಯವುಗಳ ಇಕಾರಕ್ಕೆ ಎಲ್ಲ ಪುರುಷಗಳಲ್ಲಿಯೂ ಗೆರೆ ಇದೆ.

ಆಜ್ಞಾರ್ಥದ ಮತ್ತು ಕೃದಂತದ ಕೊನೆಗೆ ಸರ್ವನಾಮಗಳು ಅಂಟಿಕೊಂಡಾಗ ಒತ್ತು ಮೂಲ ಸ್ಥಾನದಿಂದ ಅಲುಗುವುದಿಲ್ಲ, ಪದ ಮಾತ್ರ ಉದ್ದವಾಗುತ್ತದೆ. ˈಕೊಮ್-ಪ್ರ ‘ಕೊಳ್ಳು’, ˈಕೊಮ್-ಪ್ರ-ಲೊ ‘ಅದನ್ನು ಕೊಳ್ಳು’, ˈಕೊಮ್-ಪ್ರ-ಮೆ-ಲೊ ‘ಅದನ್ನು ನನಗೆ ಕೊಂಡುಕೊಡು’ ಎಂಬಲ್ಲಿ ಮೊದಲನೆಯದಕ್ಕೆ ಗೆರೆ ಬೇಡ, ಉಳಿದೆರಡಕ್ಕೆ ಬೇಕು. ಧಾತುರೂಪಕ್ಕೆ ಒಂದು ಸರ್ವನಾಮ ಸೇರಿದ ಕೊಮ್-ˈಪ್ರರ್-ಲೊ ಸಾಮಾನ್ಯ ನಿಯಮಕ್ಕೆ ತಾನೇ ಹೊಂದುತ್ತದೆ. ಎರಡು ಸೇರಿದ ಕೊಮ್-ˈಪ್ರರ್-ಮೆ-ಲೊ ಹೊಂದುವುದಿಲ್ಲ, ಗೆರೆ ಬರುತ್ತದೆ.

ಹಳೆಯ ವ್ಯಾಕರಣ ಪುಸ್ತಕ ಇಟ್ಟುಕೊಂಡು ಓದುವವರು ಒಂದು ವಿಷಯ ತಿಳಿದಿರಬೇಕು. 1713ರಲ್ಲಿ ಸ್ಥಾಪನೆಯಾದ ಸ್ಪೇನ್‌ನ ರಾಯಲ್ ಅಕಾಡೆಮಿ ಗೆರೆಯ ನಿಯಮಗಳನ್ನು ಆಗಾಗ ಸಡಿಲಿಸುತ್ತ ಬಂದಿದೆ. ಏಕೋಚ್ಚಾರಾಂಶದ ಫ್ವೆ ‘ಹೋದನು’, ಫ್ವಿ ‘ಹೋದೆನು’, ಬ್ಯೊ ‘ನೋಡಿದನು’, ದ್ಯೊ ‘ಕೊಟ್ಟನು’ ರೂಪಗಳ ಮೇಲೆ ಹಿಂದೆ ಇದ್ದ ಗೆರೆಯನ್ನು 1952ರ ಹೊಸ ನಿಯಮಗಳು ತೆಗೆದುಹಾಕಿದವು, 1959ರಿಂದ ಅವು ಕಡ್ಡಾಯವಾದವು. ‘ನನಗೆ ಕೊಡಿ’ ಎಂಬ ˈದೆ-ಮೆ ರೂಪವು 1999ರಲ್ಲಿ ಗೆರೆಯನ್ನು ಕಳೆದುಕೊಂಡಿತು, ಆದರೆ ಸರ್ವನಾಮವಿಲ್ಲದ ‘ದೆ’ ಎಂಬುದಕ್ಕೆ, ಅದೇ ಕಾಗುಣಿತದ ಇನ್ನೊಂದು ಪದದಿಂದ ಬೇರ್ಪಡಿಸಲು, ಈಗಲೂ ಗೆರೆ ಇದೆ. ‘ದಾರಿ ತೋರಿಸಿದನು’, ‘ನಕ್ಕನು’ ಎಂಬರ್ಥದ ಗ್ಯೊ, ಱ್ಯೊ ಮುಂತಾದವನ್ನು ಹಲವರು ಎರಡು ಉಚ್ಚಾರಾಂಶಗಳಾಗಿಯೇ ಆಡುತ್ತಾರೆ, ಆದರೂ 2010ರ ಕಾಗುಣಿತ ನಿಯಮದಂತೆ ಬರವಣಿಗೆಯಲ್ಲಿ ಅವು ಒಂದೇ ಉಚ್ಚಾರಾಂಶದವು, ಗೆರೆ ಹಾಕುವಂತಿಲ್ಲ. ಪರೀಕ್ಷೆಗೆ ಬರೆಯುವವರು ಈ ಇತ್ತೀಚಿನ ನಿಯಮವನ್ನೇ ಅನುಸರಿಸಬೇಕು.